ಕೈಯಲ್ಲಿ ಫೋನಿದೆ, ಬರೆಯೋದು ಹೇಗೆ?

(ತಿ. ನರಸೀಪುರ ಮತ್ತು ನಂಜನಗೂಡು ತಾಲೂಕುಗಳ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ತರಬೇತಿಯಲ್ಲಿ ಮಾಡಿದ ಭಾಷಣ)



ಬನ್ನೂರು, ತಲಕಾಡು, ಮೂಗೂರು ಕಡೆಯಿಂದ, ಆಚೆ ಹುಲ್ಲಹಳ್ಳಿ, ತಗಡೂರು ಕಡೆಯಿಂದ ಬೆಳಿಗ್ಗೆಯೇ ಬಸ್ಸು ಹಿಡಿದು ಬಂದಿದ್ದೀರಿ. ಮೊದಲೆಲ್ಲ ಇಂಥ ತರಬೇತಿಯಲ್ಲಿ ಉಳಿತಾಯದ ಪುಸ್ತಕ ಬರೆಯುವುದು, ಠರಾವು ಬರೆಯುವುದು, ಬ್ಯಾಂಕಿನ ಚಲನ್ ತುಂಬುವುದು ಕಲಿಸುತ್ತಿದ್ದೆವು. ಈವತ್ತು ಫೋನಿನಲ್ಲಿ ಬರೆಯುವ ವಿಚಾರ ಮಾತಾಡೋಣ. 'ಇದೇನು ದೊಡ್ಡ ವಿಷಯ, ಮೊಮ್ಮಗ ಬರೆದುಕೊಡ್ತಾನೆ ಬುಡಿ' ಅಂತ ಕೆಲವರು ನಗುತ್ತಿದ್ದೀರಿ. ಯಾಕೆ ದೊಡ್ಡ ವಿಷಯ ಅಂತ ಮೊದಲು ಹೇಳ್ತೇವೆ.

ನಾವು ನೋಡಿಕೊಳ್ಳುವ ಒಂದು ಸಂಘದಲ್ಲಿ ನಡೆದದ್ದು. ಪ್ರತಿನಿಧಿ ಅಕ್ಕ ತಮ್ಮ ಮನೆಯಿಂದಲೇ ಎಲ್ಲರಿಗೂ ಮೆಸೇಜು ಹಾಕಿದರು: 'ನಾಳೆ ಸಭೆ ಇಲ್ಲಿ.' ಬರೆದದ್ದು ಇಂಗ್ಲಿಷ್ ಅಕ್ಷರದಲ್ಲಿ. ಕೊನೆಯಲ್ಲಿ 'ಐ' ಬೀಳಬೇಕಾದ ಕಡೆ 'ಎ' ಬಿತ್ತು. 'ಇಲ್ಲಿ' ಅನ್ನೋದು 'ಇಲ್ಲ' ಆಯಿತು. ಹದಿನೈದು ಜನರಲ್ಲಿ ಐದು ಜನ ಮಾತ್ರ ಬಂದರು. ಕೋರಂ ಆಗಲಿಲ್ಲ. ಮಗಳ ಕಾಲೇಜು ಫೀಸಿಗೆ ಸಾಲ ಕೇಳಿದ್ದ ಒಬ್ಬ ಸದಸ್ಯೆಯ ಅರ್ಜಿ ಮುಂದಿನ ವಾರಕ್ಕೆ ಹೋಯಿತು. ಫೀಸಿನ ಗಡುವು ಅಷ್ಟರೊಳಗೇ ಇತ್ತು. ಆ ತಾಯಿ ಕಿವಿಯ ಓಲೆ ಬಿಚ್ಚಿ ಗಿರವಿ ಇಟ್ಟರು. ಒಂದು ಅಕ್ಷರಕ್ಕೆ ಒಂದು ಜೊತೆ ಓಲೆ! ತಪ್ಪು ಆ ಅಕ್ಕನದು ಮಾತ್ರ ಅಲ್ಲ, ನಮ್ಮದೂ ಹೌದು. ಎಲ್ಲರೂ ಫೋನು ಇಟ್ಟುಕೊಳ್ಳಿ ಅಂತ ಹೇಳಿದವರು ನಾವು. ಅದರಲ್ಲಿ ಬರೆಯೋದನ್ನ ಕಲಿಸಲಿಲ್ಲ.

ಇನ್ನೊಂದು ಮಾತು. ಮೊಮ್ಮಗನ ಕೈಲಿ ಬರೆಸಿದರೆ ಯಾರು ಎಷ್ಟು ಸಾಲ ತಗೊಂಡರು, ಯಾರು ಕಂತು ಕಟ್ಟಲಿಲ್ಲ ಎಲ್ಲಾ ಅವನ ಕಣ್ಣಿಗೆ ಬೀಳುತ್ತೆ. ಸಂಘದ ಗುಟ್ಟು ಸಂಘದಲ್ಲೇ ಇರಬೇಕಾದರೆ ಬರೆಯುವ ಕೈ ನಮ್ಮದೇ ಆಗಬೇಕು.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ

ನಮ್ಮಲ್ಲಿ ಹೆಚ್ಚು ಜನ ಬರೆಯೋದು ಹೀಗೆ. ಬೇಗ ಆಗುತ್ತೆ, ನಿಜ. ಆದರೆ ಬಿ, ಇ, ಎಲ್, ಇ ಅಂತ ಬರೆದರೆ ಅದು ಬೆಲೆಯೋ, ಬೆಳೆಯೋ, ಬೇಳೆಯೋ? ಬಿ, ಎ, ಎಲ್, ಇ ಅಂದರೆ ಬಾಳೆಯೋ, ಬಳೆಯೋ, ಬಲೆಯೋ? ನಂಜನಗೂಡಿನ ರಸಬಾಳೆ ಮಾರುವವರಿಗೆ, ಡೈರಿಗೆ ಹಾಲು ಹಾಕುವವರಿಗೆ ಇದು ತಮಾಷೆ ಅಲ್ಲ. 'ಹಾಲು' ಮತ್ತು 'ಹಾಳು' ಎರಡಕ್ಕೂ ಅವೇ ನಾಲ್ಕು ಇಂಗ್ಲಿಷ್ ಅಕ್ಷರ. ಕನ್ನಡದಲ್ಲಿ ಬರೆದರೆ ಈ ಗೊಂದಲವೇ ಇಲ್ಲ. ನಮ್ಮ ಲಿಪಿಯಲ್ಲಿ ದೀರ್ಘಕ್ಕೆ ಬೇರೆ ಗುರುತು, ಲಕಾರ ಳಕಾರಕ್ಕೆ ಬೇರೆ ಅಕ್ಷರ ಇದೆ.

ಬಟನ್ ಫೋನು

ಬಟನ್ ಫೋನಿನಲ್ಲಿ ಎರಡು ವಿಧಾನ. ಮೊದಲನೆಯದು ಪದೇ ಪದೇ ಒತ್ತುವುದು. 2ನೇ ಗುಂಡಿಯಲ್ಲಿ ಎ, ಬಿ, ಸಿ ಇವೆ. ಒಂದು ಸಲ ಒತ್ತಿದರೆ ಎ, ಎರಡು ಸಲಕ್ಕೆ ಬಿ, ಮೂರು ಸಲಕ್ಕೆ ಸಿ. ಒಂದೇ ಗುಂಡಿಯ ಎರಡು ಅಕ್ಷರ ಜೊತೆಯಲ್ಲಿ ಬಂದರೆ ಮಧ್ಯೆ ಒಂದು ಕ್ಷಣ ನಿಲ್ಲಬೇಕು. ನಿಧಾನ, ಆದರೆ ಒತ್ತಿದ್ದೇ ಬೀಳುತ್ತೆ.

ಎರಡನೆಯದು ಟಿ-9. 1990ರ ದಶಕದಲ್ಲಿ ಅಮೆರಿಕದ ಟೆಜಿಕ್ ಎಂಬ ಕಂಪನಿ ಮಾಡಿದ್ದು. ಪ್ರತಿ ಅಕ್ಷರಕ್ಕೆ ಒಂದೇ ಸಲ ಒತ್ತಿದರೆ ಸಾಕು, ಫೋನು ತನ್ನ ನಿಘಂಟು ನೋಡಿ ಪದ ಊಹಿಸುತ್ತೆ. ಇಂಗ್ಲಿಷಿಗೆ ಒಳ್ಳೆಯದು, ಕನ್ನಡ ಪದಕ್ಕೆ ಅಪಾಯ. 'ಮನೆ' ಅಂತ 6-2-6-3 ಒತ್ತಿದರೆ 'ನೇಮ್' ಅಂತ ಬರಬಹುದು. 'ಬಾಳೆ'ಗೆ 2-2-5-3 ಒತ್ತಿದರೆ 'ಏಬಲ್', 'ಹಾಲು'ವಿಗೆ 4-2-5-8 ಒತ್ತಿದರೆ 'ಹಾಲ್ಟ್'. ಹಾಲು ಕಳಿಸಿ ಅಂದರೆ ಅದು ನಿಲ್ಲಿಸಿ ಅನ್ನುತ್ತೆ! ಇಂಗ್ಲಿಷ್ ಅಕ್ಷರದಲ್ಲೇ ಬರೆಯುವವರು ಈ ಊಹೆ ಮಾಡುವ ವ್ಯವಸ್ಥೆಯನ್ನು ನಿಲ್ಲಿಸಿಬಿಡಿ. ಬಹಳಷ್ಟು ಫೋನುಗಳಲ್ಲಿ # ಗುಂಡಿ ಒತ್ತಿದರೆ ಬರೆಯುವ ವಿಧಾನ ಬದಲಾಗುತ್ತೆ.

ಬಟನ್ ಫೋನಿನಲ್ಲೂ ಕನ್ನಡ ಬರೆಯಬಹುದು. ಭಾರತದಲ್ಲಿ ಮಾರುವ ಫೋನುಗಳು ನಮ್ಮ 22 ಭಾಷೆಗಳ ಸಂದೇಶವನ್ನೂ ತೋರಿಸಬೇಕು, ಬರೆಯಲು ಇಂಗ್ಲಿಷ್, ಹಿಂದಿಯ ಜೊತೆಗೆ ಇನ್ನೊಂದಾದರೂ ಭಾರತೀಯ ಭಾಷೆ ಇರಬೇಕು ಅಂತ ಕೇಂದ್ರ ಸರ್ಕಾರ 2016ರಲ್ಲಿ ಆದೇಶ ಮಾಡಿತು. ಆ 'ಇನ್ನೊಂದು' ಕನ್ನಡವೇ ಆಗಿರಬೇಕೆಂದೇನೂ ಇಲ್ಲ. ಆದ್ದರಿಂದ ಅಂಗಡಿಯಲ್ಲೇ 'ಕನ್ನಡ ಬರೆದು ತೋರಿಸಪ್ಪ' ಅಂತ ಕೇಳಿ, ನೀವೂ ಒತ್ತಿ ನೋಡಿ, ಆಮೇಲೆ ದುಡ್ಡು ಕೊಡಿ.

ಒಂದು ಲೆಕ್ಕ ಗೊತ್ತಿರಲಿ. ಮಾಮೂಲಿ ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷ್ ಆದರೆ 160 ಅಕ್ಷರ ಹಿಡಿಯುತ್ತೆ, ಕನ್ನಡ ಆದರೆ 70 ಮಾತ್ರ. ಅದರಲ್ಲೂ ಕಾಗುಣಿತದ ಗುರುತು, ಒತ್ತು ಎಲ್ಲವನ್ನೂ ಫೋನು ಬಿಡಿ ಬಿಡಿಯಾಗಿ ಎಣಿಸುತ್ತೆ. 'ಸ್ತ್ರೀ' ನಮ್ಮ ಕಣ್ಣಿಗೆ ಒಂದಕ್ಷರ, ಫೋನಿಗೆ ಆರು. 70 ದಾಟಿದರೆ ಎರಡು ಮೆಸೇಜಿನ ಲೆಕ್ಕ. ಹಾಗಾಗಿ ಎಸ್ಸೆಮ್ಮೆಸ್ ಚಿಕ್ಕದಾಗಿರಲಿ. ವಾಟ್ಸಪ್ಪಿಗೆ ಈ ಮಿತಿ ಇಲ್ಲ.

ಟಚ್ ಫೋನು

ಇಲ್ಲಿ ನಾಲ್ಕು ದಾರಿ ಇದೆ.

1. ಕನ್ನಡ ಕೀಲಿಮಣೆ. ಪರದೆಯ ಮೇಲೆ ಕನ್ನಡ ಅಕ್ಷರಗಳೇ ಕಾಣುತ್ತವೆ. 'ಕ' ಒತ್ತಿ, ಒತ್ತಿನ ಗುರುತು (್) ಒತ್ತಿ, ಮತ್ತೆ 'ಕ' ಒತ್ತಿದರೆ 'ಕ್ಕ'. ಒಂದು ವಾರ ಕಷ್ಟ, ಆಮೇಲೆ ಸಲೀಸು. ಕಂಪ್ಯೂಟರಿನಲ್ಲಿ 'ನುಡಿ' ಕಲಿತ ಮಕ್ಕಳಿದ್ದರೆ ಅದೇ ವಿನ್ಯಾಸ ಫೋನಿಗೂ ಸಿಗುತ್ತೆ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ ಅದಕ್ಕೆ ಆಧಾರ. ನಮ್ಮ ಭಾಷೆ ಯಂತ್ರಕ್ಕೆ ಸುಮ್ಮನೆ ಬರಲಿಲ್ಲ, ಯಾರೋ ಕೂತು ದುಡಿದಿದ್ದಾರೆ.

2. ಇಂಗ್ಲಿಷಿನಲ್ಲಿ ಒತ್ತಿ ಕನ್ನಡ ಪಡೆಯುವುದು. ಇಂಗ್ಲಿಷ್ ಅಕ್ಷರ ರೂಢಿಯಾದವರಿಗೆ ಸುಲಭ. ಆದರೆ ಬೆಲೆ, ಬೆಳೆ, ಬೇಳೆ ಅಂತ ಮೇಲೆ ಸಾಲಾಗಿ ತೋರಿಸುತ್ತೆ. ಸರಿಯಾದದ್ದನ್ನು ನೀವೇ ಆರಿಸಬೇಕು.

3. ಬೆರಳಿನಿಂದ ಬರೆಯುವುದು. ಪರದೆಯೇ ಸ್ಲೇಟು. ಸಾಕ್ಷರತಾ ತರಗತಿಯಲ್ಲಿ ಅಕ್ಷರ ತಿದ್ದಿದ ಅವ್ವಂದಿರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ನಿಧಾನ ಅನ್ನುವುದೊಂದೇ ಕೊರತೆ.

4. ಮಾತಾಡಿ ಬರೆಸುವುದು. 2017ರಲ್ಲಿ ಗೂಗಲ್ ಕನ್ನಡಕ್ಕೂ ಈ ಸೌಲಭ್ಯ ಕೊಟ್ಟಿತು. ಕೆಲಸದ ಕೈಗೆ ಅನುಕೂಲ. ಆದರೆ ಬಸ್‌ಸ್ಟ್ಯಾಂಡಿನ ಗಲಾಟೆಯಲ್ಲಿ ತಪ್ಪು ಕೇಳಿಸಿಕೊಳ್ಳುತ್ತೆ. ಹೆಸರು, ಮೊತ್ತ, 'ಇಲ್ಲ' 'ಇಲ್ಲಿ' ಇವುಗಳಲ್ಲಿ ಎಡವುತ್ತೆ. ಸಾಲದ ವಿಷಯ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಹೇಳುವ ಹಾಗೂ ಇಲ್ಲ.

'ವಾಯ್ಸ್ ಮೆಸೇಜ್ ಹಾಕಿದ್ರೆ ಸಾಲ್ದಾ?' ಅಂತ ಕೇಳ್ತೀರಿ. ಕುಶಲ ವಿಚಾರಿಸೋಕೆ ಸಾಕು. ಆದರೆ ಆರು ತಿಂಗಳಾದ ಮೇಲೆ 'ಕಂತು ಎಷ್ಟು ಅಂದಿದ್ರಿ?' ಅನ್ನೋ ತಕರಾರು ಬಂದಾಗ ಹುಡುಕಿ ತೋರಿಸಲು ಬರಹವೇ ಬೇಕು.

ಯಾರಿಗೆ ಯಾವುದು?

ಎಲ್ಲರಿಗೂ ಒಂದೇ ವಿಧಾನ ಒಳ್ಳೆಯದು ಅಂತ ನಾವು ಹೇಳುವುದಿಲ್ಲ. ಲೆಕ್ಕ ಬರೆಯುವ ಪ್ರತಿನಿಧಿಗಳು ಕನ್ನಡ ಕೀಲಿಮಣೆಯನ್ನೇ ಕಲಿಯಿರಿ. ಕಣ್ಣು ಮಂಜಾದವರು ಬೆರಳಲ್ಲಿ ದೊಡ್ಡದಾಗಿ ಬರೆಯಿರಿ, ಇಲ್ಲವೇ ಮಾತಾಡಿ ಬರೆಸಿ ಆಮೇಲೆ ತಿದ್ದಿ. ಬಟನ್ ಫೋನಿನವರು ಪದೇ ಪದೇ ಒತ್ತುವ ವಿಧಾನದಲ್ಲೇ ಇರಿ. ಯಾವುದನ್ನು ಆರಿಸಿದರೂ ಒಂದು ತಿಂಗಳು ಬಿಡಬೇಡಿ. ದಿನಕ್ಕೊಂದು ವಿಧಾನ ಬದಲಾಯಿಸಿದರೆ ಬೆರಳಿಗೆ ಯಾವುದೂ ಹತ್ತುವುದಿಲ್ಲ.

ಕಳಿಸುವ ಮುಂಚೆ

ಈ ನಾಲ್ಕನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

• ಬರೆದದ್ದನ್ನು ಒಂದು ಸಲ ಬಾಯಿಬಿಟ್ಟು ಓದಿ, ಆಮೇಲೆ ಕಳಿಸಿ.
• 'ಇಲ್ಲ' ಅಂತ ಒಂದೇ ಪದ ಹಾಕಬೇಡಿ. 'ಸಭೆ ನಡೆಯುವುದಿಲ್ಲ' ಅಥವಾ 'ಸಭೆ ನಮ್ಮ ಮನೆಯಲ್ಲಿ ನಡೆಯುತ್ತದೆ' ಅಂತ ಪೂರ್ತಿ ಬರೆಯಿರಿ.
• ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಿರಿ: 500, ಐನೂರು ರೂಪಾಯಿ. ಚೆಕ್ಕಿನಲ್ಲಿ ಬರೆಯುತ್ತೇವಲ್ಲ, ಹಾಗೆ.
• ಗೊತ್ತಿಲ್ಲದ ಕಡೆಯಿಂದ ಕೀಲಿಮಣೆ ಇಳಿಸಿಕೊಳ್ಳಬೇಡಿ. ನೀವು ಒತ್ತುವ ಅಕ್ಷರವೆಲ್ಲ, ಪಿನ್ ನಂಬರು ಕೂಡ, ಅದರ ಮೂಲಕವೇ ಹೋಗುತ್ತೆ. ಫೋನಿನ ಜೊತೆ ಬಂದದ್ದೇ ಸಾಕು.

ಹೆಬ್ಬೆಟ್ಟು ಒತ್ತುತ್ತಿದ್ದ ಎಷ್ಟೋ ತಾಯಂದಿರು ಸಂಘಕ್ಕೆ ಬಂದ ಮೇಲೆ ಸಹಿ ಹಾಕಲು ಕಲಿತರು. ಮೊದಲ ಸಹಿ ಹಾಕಿದ ದಿನ ಕೈ ನಡುಗಿದ್ದು ನಿಮಗೆ ನೆನಪಿರಬಹುದು. ಈಗ ನಡುಗುವುದಿಲ್ಲ. ಇದೂ ಹಾಗೆಯೇ ಕಣ್ರಮ್ಮ. ಊಟ ಆದ ಮೇಲೆ ಇಬ್ಬಿಬ್ಬರು ಜೊತೆಯಾಗಿ ಕೂತ್ಕೊಳ್ಳಿ. ಪಕ್ಕದವರಿಗೆ ಕನ್ನಡದಲ್ಲಿ ಒಂದೇ ಸಾಲು ಬರೆದು ಕಳಿಸಿ: 'ಮುಂದಿನ ಸಭೆ ನಮ್ಮ ಮನೆಯಲ್ಲಿ ನಡೆಯುತ್ತದೆ, ತಪ್ಪದೆ ಬನ್ನಿ.' ಅವರು ಅದನ್ನು ಜೋರಾಗಿ ಓದಲಿ. ನೀವು ಅಂದುಕೊಂಡದ್ದೇ ಅವರ ಬಾಯಲ್ಲಿ ಬಂದರೆ ಈವತ್ತಿನ ಪಾಠ ಮುಗಿದ ಹಾಗೆ.