ಹೋಲಿಕೆ ಬೇರೆ, ನಂಟು ಬೇರೆ: ಜೇಡಗಳ ವಂಶಾವಳಿ

ಭೀಮೆಯ ದಂಡೆಯ ಘತ್ತರಗಿಯಲ್ಲಿ ಸೇರಿರುವ ಈ ಸಭೆಗೆ ಜೇಡ ಹೊಸ ಜೀವಿಯಲ್ಲ. ತೊಗರಿ ಗಿಡಗಳ ನಡುವೆ ಬಲೆ ಕಟ್ಟಿ ಕೂರುವುದು ಒಂದು, ಗೋಡೆಯ ಮೇಲೆ ಹೊಂಚುಹಾಕಿ ನೊಣದ ಮೇಲೆ ಜಿಗಿಯುವುದು ಇನ್ನೊಂದು, ಎರೆಹೊಲದ ಬಿರುಕಿನಿಂದ ಓಡಿಬರುವುದು ಮತ್ತೊಂದು. ಜಗತ್ತಿನಲ್ಲಿ ಹೆಸರು ಪಡೆದ ಜೇಡ ಪ್ರಭೇದಗಳ ಸಂಖ್ಯೆ 2022ರಲ್ಲೇ 50,000 ದಾಟಿತು. ಇವುಗಳಲ್ಲಿ ಯಾರಿಗೆ ಯಾರು ಹತ್ತಿರದ ನೆಂಟರು?

ಸ್ವೀಡನ್ನಿನ ಕಾರ್ಲ್ ಕ್ಲರ್ಕ್ 1757ರಲ್ಲಿ ತನ್ನ ನಾಡಿನ ಜೇಡಗಳಿಗೆ ಹೆಸರಿಟ್ಟಂದಿನಿಂದ ವಿಜ್ಞಾನಿಗಳು ನೆಚ್ಚಿದ್ದು ಮೈಕಟ್ಟನ್ನು. ಕಣ್ಣುಗಳ ಜೋಡಣೆ, ನೂಲು ಹೊರಡುವ ಅಂಗ, ಎಲ್ಲಕ್ಕಿಂತ ಹೆಚ್ಚಾಗಿ ಗಂಡು ಹೆಣ್ಣುಗಳ ಜನನಾಂಗದ ರಚನೆ. ಪ್ರಭೇದ ಗುರುತಿಸಲು ಇವು ಇಂದಿಗೂ ಬೇಕು. ತೊಡಕು ಬರುವುದು ದೂರದ ನಂಟು ಹುಡುಕುವಾಗ. ಮುಖ ನೋಡಿ ಅಣ್ಣತಮ್ಮಂದಿರೆಂದು ಹೇಳಿ ಮೋಸಹೋಗುವಂತೆ, ಒಂದೇ ಬಗೆಯ ಬದುಕು ನಡೆಸುವ ಜೇಡಗಳು ಬೇರೆ ಕುಲದವಾದರೂ ಒಂದೇ ತರಹ ಕಾಣುತ್ತವೆ.

ಚಕ್ರದಂಥ ಬಲೆಯ ಕಥೆ ಇದಕ್ಕೆ ಸಾಕ್ಷಿ. ಇಂಥ ಬಲೆ ನೇಯುವವು ಎರಡು ಬಗೆ: ಅಂಟಿನ ಹನಿ ಹಚ್ಚಿದ ನೂಲು ಬಳಸುವವು, ಬಾಚಿದ ಉಣ್ಣೆಯಂಥ ನೂಲು ಬಳಸುವವು. ನೇಯ್ಗೆ ಒಂದೇ ಆದ್ದರಿಂದ ಎರಡನ್ನೂ ಒಂದೇ ಕುಲಕ್ಕೆ ಸೇರಿಸಲಾಗಿತ್ತು. 2014ರಲ್ಲಿ ಎರಡು ಪ್ರತ್ಯೇಕ ತಂಡಗಳು ನೂರಾರು ವಂಶವಾಹಿಗಳನ್ನು ಹೋಲಿಸಿದಾಗ ಆ ಕುಲ ಒಡೆಯಿತು. ಉಣ್ಣೆನೂಲಿನ ಯುಲೊಬೊರಿಡ್ ಜೇಡಗಳು ಬಲೆ ನೇಯದ ತೋಳಜೇಡ, ಜಿಗಿಜೇಡಗಳಿಗೇ ಹೆಚ್ಚು ಹತ್ತಿರವೆಂದು ಗೊತ್ತಾಯಿತು. ಹಾಗಾದರೆ ಚಕ್ರಬಲೆ ಬಹಳ ಹಳೆಯದು, ಅನೇಕ ಕುಲಗಳು ಅದನ್ನು ಕೈಬಿಟ್ಟವು. ಇಲ್ಲವೇ ಅದು ಒಂದಕ್ಕಿಂತ ಹೆಚ್ಚು ಬಾರಿ ಹುಟ್ಟಿತು. ಈ ವಾದ ಇನ್ನೂ ಮುಗಿದಿಲ್ಲ.

ಕನ್ನಡ ನಾಡಿನದೇ ಉದಾಹರಣೆ ತುಮಕೂರು ಜಿಲ್ಲೆಯ ದೇವರಾಯನದುರ್ಗದ್ದು. ಕಿರಣ್ ಮರಾಠೆ, ಜಾನ್ ಕ್ಯಾಲೆಬ್, ವೇಯ್ನ್ ಮ್ಯಾಡಿಸನ್, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಾದ ಎನ್‌ಸಿಬಿಎಸ್‌ನ ಕೃಷ್ಣಮೇಘ ಕುಂಟೆ ಮೊದಲಾದವರ ತಂಡ 2024ರಲ್ಲಿ ಜಿಗಿಜೇಡಗಳ ಹೊಸ ಜಾತಿಯೊಂದನ್ನು, ಅಂದರೆ ಹತ್ತಿರದ ಪ್ರಭೇದಗಳ ಗುಂಪೊಂದನ್ನು, ಪ್ರಕಟಿಸಿತು. ತೆಂಕಣ ಸೀಮೆಯ ಆ ಜಾತಿಯ ಹೆಸರೂ ‘ತೆಂಕಣ’. ಹೊಸ ಪ್ರಭೇದ, ದೇವರಾಯನದುರ್ಗದಲ್ಲಿ ಹುಟ್ಟುವ ಹೊಳೆಯ ಹೆಸರು ಹೊತ್ತ ತೆಂಕಣ ಜಯಮಂಗಲಿ. ಅದುವರೆಗೆ ಕೊಲಾಪ್ಸಸ್ ಜಾತಿಯಲ್ಲಿದ್ದ ಮನು, ಅರ್ಕಾವತಿ ಎಂಬ ಎರಡು ಪ್ರಭೇದಗಳೂ ಈ ಹೊಸ ಜಾತಿಗೆ ಬಂದವು. ನೋಡಲು ಇವು ಹೈಲಸ್, ಟೆಲಮೋನಿಯಾ ಜೇಡಗಳಂತೆಯೇ. ಡಿಎನ್ಎ ಹೇಳಿದ್ದು ಬೇರೆ: ಇವುಗಳದು ಪ್ರತ್ಯೇಕ ಕವಲು. ಕೋಟ್ಯಂತರ ವರ್ಷ ಕಳೆದರೂ ಹೆಚ್ಚು ಬದಲಾಗದ ಕೆಲವು ತುಣುಕುಗಳು ಡಿಎನ್ಎಯಲ್ಲಿವೆ. ಅವುಗಳ ಗುರುತು ಹಿಡಿದು, ಅಕ್ಕಪಕ್ಕದ ಬದಲಾಗುವ ಭಾಗಗಳನ್ನು ಹೋಲಿಸಿದರೆ ಕವಲೊಡೆದ ಕ್ರಮ ತಿಳಿಯುತ್ತದೆ.

ಭಾಗ್ಯವಂತಿ ದೇವಿಯ ಊರಾದ ಈ ಘತ್ತರಗಿಯಲ್ಲಿ ಹೇಳಲೇಬೇಕಾದ ಇನ್ನೊಂದು ಸಂಶೋಧನೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. ನಯೀಮ್ ಯೂಸುಫ್ ಶೇಖ್ ಮತ್ತು ಕಾರ್ತಿಕ್ ಸುನಗಾರ್ 2023ರಲ್ಲಿ ಜೇಡವಿಷದ ಇತಿಹಾಸ ಕೆದಕಿದರು. ಗಂಧಕದ ಬಂಧಗಳಿಂದ ಗಂಟುಬಿದ್ದ ಪುಟ್ಟ ಪ್ರೋಟೀನುಗಳು ಈ ವಿಷದ ಮುಖ್ಯ ಭಾಗ. ಅವರು ಇವುಗಳ 78 ಹೊಸ ಮಹಾಕುಟುಂಬಗಳನ್ನು ಗುರುತಿಸಿದರು. ಅಷ್ಟೇ ಅಲ್ಲ, ಎಲ್ಲವೂ ಒಂದೇ ಮೂಲದವೆಂದು ತೋರಿಸಿದರು. ಸುಮಾರು 37.5 ಕೋಟಿ ವರ್ಷಗಳ ಹಿಂದೆ, ಟರಾಂಟುಲಾಗಳ ಗುಂಪು ಮತ್ತು ನಮ್ಮ ಮನೆ ಹೊಲಗಳ ಸಾಮಾನ್ಯ ಜೇಡಗಳ ಗುಂಪು ಬೇರೆಯಾಗುವ ಮುನ್ನವೇ ಆ ಮೂಲ ಗಂಟು ಇತ್ತು. ಅದಕ್ಕೆ ಅವರಿಟ್ಟದ್ದು ದೇವಿಯದೇ ಹೆಸರು, ‘ಆದಿಶಕ್ತಿ’. ಬೇರೆ ಬಹುತೇಕ ವಿಷಜೀವಿಗಳು ಬೇರೆ ಬೇರೆ ಮೂಲದ ಪ್ರೋಟೀನುಗಳನ್ನು ವಿಷಕ್ಕೆ ಸೇರಿಸಿಕೊಂಡಿವೆ. ಬಹುತೇಕ ಎಲ್ಲ ಜೇಡಗಳು ಒಂದೇ ಅಚ್ಚನ್ನು ತಿದ್ದುತ್ತ ಬಂದಿವೆ.

ಪ್ರಯೋಗಾಲಯದ ಯಂತ್ರಕ್ಕೆ ಜೇಡ ತಾನಾಗಿ ಹೋಗಿ ಸೇರುವುದಿಲ್ಲ. ಯಾರಾದರೂ ಹೊಲ, ಕುರುಚಲು, ಕಲ್ಲಿನ ಸಂದುಗಳಲ್ಲಿ ಅದನ್ನು ಮೊದಲು ನೋಡಬೇಕು. ತೆಂಕಣ ಜೇಡಗಳು ಒಣ ನೆಲವನ್ನೇ ಇಷ್ಟಪಡುತ್ತವೆ. ನಮ್ಮ ಸುತ್ತಲಿನ ಅಫಜಲಪುರ, ಆಳಂದ, ಜೇವರ್ಗಿ ತಾಲ್ಲೂಕುಗಳಲ್ಲಿ ಅಂಥ ನೆಲಕ್ಕೆ ಬರವಿಲ್ಲ. ಶಾಲೆಯ ಶಿಕ್ಷಕರು ಮಕ್ಕಳಿಂದ ಜೇಡಗಳ ಚಿತ್ರ ತೆಗೆಸಲಿ. ಊರು, ದಿನಾಂಕ ಬರೆದು, ಜೀವಿಗಳ ಚಿತ್ರ ಕಲೆಹಾಕುವ ಐನ್ಯಾಚುರಲಿಸ್ಟ್‌ನಂಥ ತಾಣಕ್ಕೆ ಏರಿಸಲಿ. ಕೈಯಿಂದ ಹಿಡಿಯುವುದು ಬೇಡ, ಕೊಲ್ಲುವುದಂತೂ ಬೇಡವೇ ಬೇಡ.