ಕಿವಿಗೊಂದು ಚಳಿಗಾಲದ ಯಾತ್ರೆ



ಚಳಿಗಾಲದಲ್ಲಿ ಯುರೋಪಿನ ವಿಯೆನ್ನಾಕ್ಕೆ ಹೋಗಬೇಕು, ಅಲ್ಲಿನ ಹಳೆಯ ಬೀದಿಗಳಲ್ಲಿ ಅಡ್ಡಾಡಬೇಕು, ಸಂಜೆ ಸಂಗೀತ ಕೇಳಬೇಕು ಎಂದು ಆಸೆಪಡುವವರು ನಮ್ಮಲ್ಲಿ ಇದ್ದಾರೆ. ಒಳ್ಳೆಯ ಆಸೆಯೇ. ಆದರೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯಲ್ಲಿ ನೆಲೆಸಿದ ನಮಗೆ ಅಂಥದೇ ಒಂದು ಯಾತ್ರೆ ಕೆಲವೇ ಗಂಟೆಗಳ ದೂರದಲ್ಲಿದೆ. ಡಿಸೆಂಬರ್ ತಿಂಗಳು ಬಂತೆಂದರೆ ಸಂಗೀತ ಹಚ್ಚಿಕೊಂಡ ಮನೆಗಳಲ್ಲಿ ಕಪಾಟಿನ ತಳ ಸೇರಿದ್ದ ಶಾಲು, ಸ್ವೆಟರುಗಳು ಹೊರಗೆ ಬರುತ್ತವೆ. ನಮ್ಮ ಖಾಡಿ ದಂಡೆಯ ಊರುಗಳ ಚಳಿಗೆ ಅವು ಬೇಕಿಲ್ಲ. ಅವು ಪುಣೆಯ ರಾತ್ರಿಗಳಿಗಾಗಿ, ಸವಾಯಿ ಗಂಧರ್ವ ಭೀಮಸೇನ ಮಹೋತ್ಸವಕ್ಕಾಗಿ. ಕನ್ನಡಿಗರಿಗೆ ಅದು ನೆಂಟರ ಮನೆಯ ಕಾರ್ಯವಿದ್ದಂತೆ. ಏಕೆಂದರೆ ಆ ಉತ್ಸವದ ಹೆಸರಿನಲ್ಲಿರುವ ಇಬ್ಬರೂ ನಮ್ಮ ನೆಲದವರು.

ಹೋಗುವ ದಾರಿಯೇ ಒಂದು ಸುಖ. ಮುಂಜಾನೆಯ ಇಂದ್ರಾಯಣಿ ಎಕ್ಸ್‌ಪ್ರೆಸ್ಸನ್ನು ಠಾಣೆಯಲ್ಲೋ ಕಲ್ಯಾಣದಲ್ಲೋ ಹತ್ತಿದರೆ ಕರ್ಜತ್‌ವರೆಗೆ ಬಯಲು. ಕರ್ಜತ್‌ನಲ್ಲಿ ಗಾಡಿ ನಿಂತಾಗ ಹಿಂದಿನಿಂದ ತಳ್ಳುವ ಎಂಜಿನ್ನುಗಳನ್ನು ಜೋಡಿಸುತ್ತಾರೆ. ಅಷ್ಟರಲ್ಲಿ ಬಿಸಿ ಬಟಾಟೆವಡೆ ಕಿಟಕಿಯ ಬಳಿ ಬಂದಿರುತ್ತದೆ. ಅಲ್ಲಿಂದ ಮುಂದೆ ಭೋರ್ ಘಾಟ್. 37 ಅಡಿ ಮುಂದೆ ಸರಿದರೆ ಒಂದು ಅಡಿ ಮೇಲೇರುವಂಥ ಕಡಿದಾದ ಹಾದಿ ಅದು, 1863ರಲ್ಲಿ ತೆರೆದದ್ದು. ಒಂದಾದ ಮೇಲೊಂದು ಸುರಂಗ ದಾಟಿ ಖಂಡಾಳಾ ಮುಟ್ಟುವಷ್ಟರಲ್ಲಿ ಗಾಳಿಯ ಗುಣವೇ ಬದಲಾಗಿರುತ್ತದೆ. ಲೋಣಾವಳಾದಲ್ಲಿ ಶಾಲು ಹೆಗಲೇರುತ್ತದೆ.

ಪುಣೆ ಪೇಶ್ವೆಗಳ ಊರು. ಶನಿವಾರವಾಡೆಯ ಕೋಟೆಗೋಡೆ ಇಂದಿಗೂ ನಿಂತಿದೆ. ಅದಕ್ಕೆ ಸಮೀಪದಲ್ಲೇ ರಮಣಬಾಗ್ ಎಂದು ಎಲ್ಲರೂ ಕರೆಯುವ ನ್ಯೂ ಇಂಗ್ಲಿಷ್ ಸ್ಕೂಲ್ ಇದೆ. ಚಿಪಳೂಣಕರ, ತಿಲಕ, ಆಗರಕರ ಅವರ ಮುಂದಾಳುತನದಲ್ಲಿ 1880ರಲ್ಲಿ ಹುಟ್ಟಿದ ಶಾಲೆ. ಅನೇಕ ವರ್ಷ ಈ ಉತ್ಸವ ನಡೆದದ್ದು ಆ ಶಾಲೆಯ ಅಂಗಳದಲ್ಲಿ. ಈಚೆಗೆ ಅದು ಮುಕುಂದನಗರದ ಮೈದಾನಕ್ಕೆ ಬಂದಿದೆ.

ಉತ್ಸವದ ಬೇರು ಮಾತ್ರ ಕುಂದಗೋಳದಲ್ಲಿದೆ. ಧಾರವಾಡ ಜಿಲ್ಲೆಯ ಆ ಊರಿನ ರಾಮಭಾವು ಕುಂದಗೋಳಕರ, ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರಲ್ಲಿ ಕಲಿತು, ಮರಾಠಿ ರಂಗಭೂಮಿಯಲ್ಲಿ ಹಾಡಿ ಸವಾಯಿ ಗಂಧರ್ವರೆನಿಸಿಕೊಂಡರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಂಡದ್ದು ಈ ಗುರುವಿನಿಂದಲೇ. ಅದೇ ಗುರುವಿನ ಬಳಿಗೆ 1936ರಲ್ಲಿ ಬಂದು ಸೇರಿದ ಇನ್ನೊಬ್ಬ ಶಿಷ್ಯ ಭೀಮಸೇನ ಜೋಶಿ.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಭೀಮಸೇನರು ಹಾಡುಗಾರರಾಗುವ ಮೊದಲು ಏನಾಗಿದ್ದರು? ಕೇಳುಗರಾಗಿದ್ದರು. ಚಿಕ್ಕ ವಯಸ್ಸಿನಲ್ಲೇ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ ಕಿವಿಗೆ ಬಿತ್ತು. ಹಾಗೆ ಹಾಡಬೇಕು ಎಂಬ ಹಂಬಲ ಅವರನ್ನು ಮನೆಯಲ್ಲಿ ಕೂರಗೊಡಲಿಲ್ಲ. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಮನೆ ಬಿಟ್ಟು ಹೊರಟರು. ಗ್ವಾಲಿಯರ್ ಸುತ್ತಿದರು, ಜಲಂಧರದವರೆಗೂ ಹೋದರು. ಅಲ್ಲಿ ಅವರನ್ನು ಕಂಡ ವಿನಾಯಕರಾವ್ ಪಟವರ್ಧನರು, ನಿಮ್ಮ ಊರಿನ ಕಡೆಯೇ ಸವಾಯಿ ಗಂಧರ್ವರಿರುವಾಗ ಇಷ್ಟು ದೂರ ಏಕೆ ಬಂದೆ ಎಂದು ಕೇಳಿ ದಾರಿ ತೋರಿದರಂತೆ. ಗುರುವಿಗಾಗಿ ಹಿಂದೂಸ್ತಾನವನ್ನೆಲ್ಲ ಸುತ್ತಿದ ಹುಡುಗನಿಗೆ ಗುರು ಸಿಕ್ಕಿದ್ದು ತನ್ನ ಜಿಲ್ಲೆಯಲ್ಲೇ. ಇದೆಲ್ಲ ನಡೆದದ್ದು ಒಂದು ಧ್ವನಿಮುದ್ರಿಕೆಯನ್ನು ಮನಸ್ಸಿಟ್ಟು ಕೇಳಿದ್ದರಿಂದ.

1946ರಲ್ಲಿ ಗುರುಗಳ ಅರವತ್ತರ ಸಮಾರಂಭದಲ್ಲಿ ಪುಣೆಯ ರಸಿಕರೆದುರು ಹಾಡಿ ಭೀಮಸೇನರು ಹೆಸರಾದರು. 1952ರಲ್ಲಿ ಸವಾಯಿ ಗಂಧರ್ವರು ಪುಣೆಯಲ್ಲೇ ತೀರಿಕೊಂಡರು. ಮರುವರ್ಷವೇ, 1953ರಲ್ಲಿ, ಗುರುವಿನ ನೆನಪಿಗೆ ಉತ್ಸವ ಶುರುವಾಯಿತು. ಆರ್ಯ ಸಂಗೀತ ಪ್ರಸಾರಕ ಮಂಡಳ ಅದನ್ನು ನಡೆಸುತ್ತ ಬಂದಿದೆ. ಭೀಮಸೇನರು ಕೀರ್ತಿಯ ತುದಿ ಮುಟ್ಟಿದ ಮೇಲೂ, ಭಾರತರತ್ನರಾದ ಮೇಲೂ, ಆ ಉತ್ಸವ ಗುರುವಿನ ಹೆಸರಿನಲ್ಲೇ ಉಳಿಯಿತು. 2011ರಲ್ಲಿ ಅವರು ತೀರಿಕೊಂಡ ನಂತರವಷ್ಟೇ ಶಿಷ್ಯನ ಹೆಸರು ಗುರುವಿನ ಹೆಸರಿನ ಪಕ್ಕ ಸೇರಿತು.

ವಿಯೆನ್ನಾದ ಕಥೆಯೂ ಹೆಚ್ಚು ಬೇರೆಯಲ್ಲ. ಮೋಜಾರ್ಟ್ ಹುಟ್ಟಿದ್ದು ಸಾಲ್ಸ್‌ಬರ್ಗ್‌ನಲ್ಲಿ. ಬೀಥೋವನ್ ಹುಟ್ಟಿದ್ದು ಬಾನ್‌ನಲ್ಲಿ; 1792ರಲ್ಲಿ ವಿಯೆನ್ನಾಕ್ಕೆ ಹೋದವರು ಅಲ್ಲೇ ಉಳಿದರು. ಅವರಿಬ್ಬರನ್ನೂ ವಿಯೆನ್ನಾ ಹೆತ್ತಿಲ್ಲ, ಕೇಳಿತು. ರೋಣದಲ್ಲಿ ಹುಟ್ಟಿದ ಭೀಮಸೇನರನ್ನು ಪುಣೆ ಹಾಗೆಯೇ ಕೇಳಿತು. ಹಾಡುವವರು ಯಾವ ಊರಲ್ಲಾದರೂ ಹುಟ್ಟಬಹುದು. ಆದರೆ ಒಂದು ಊರು ಸಂಗೀತದ ಊರು ಎನಿಸಿಕೊಳ್ಳುವುದು ಅಲ್ಲಿನ ಕೇಳುಗರಿಂದ.

ಆ ಕೇಳುಗರನ್ನು ಸವಾಯಿಯ ಮಂಟಪದಲ್ಲಿ ಹತ್ತಿರದಿಂದ ನೋಡಬೇಕು. ಕುರ್ಚಿಗಳೂ ಇವೆ. ಆದರೆ ಉತ್ಸವದ ನಿಜವಾದ ಬಿಸುಪು ನೆಲದ ಬೈಠಕ್ಕಿನಲ್ಲಿದೆ. ಜಮಖಾನೆಯ ಮೇಲೆ ಕಾಲು ಮಡಚಿ, ಶಾಲು ಹೊದ್ದು, ಪಕ್ಕದಲ್ಲಿ ಚಹದ ಥರ್ಮಾಸ್ ಇಟ್ಟುಕೊಂಡು ಜನ ಸೇರಿರುತ್ತಾರೆ. ವೇದಿಕೆಯ ಮೇಲೆ ಎರಡು ತಂಬೂರಿಗಳ ಶ್ರುತಿ ಕೂಡಿಸುವುದು ನಡೆದಿರುತ್ತದೆ. ತಂಬೂರಿ ಮೀರಜ್‌ನದಾಗಿರುವ ಸಂಭವವೇ ಹೆಚ್ಚು. ಅದೂ ನಮ್ಮ ಗಡಿಯ ಊರು, ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರು. ಕಲಾವಿದರು ಬಿರಡೆ ತಿರುವಿ, ಕುದುರೆಯ ಮೇಲೆ ತಂತಿಯ ಅಡಿಗಿರುವ ನೂಲಿನ ಎಳೆಯನ್ನು ಕೂದಲಿನಷ್ಟು ಅತ್ತ, ಕೂದಲಿನಷ್ಟು ಇತ್ತ ಸರಿಸುತ್ತಾರೆ. ಒಂದು ಹಂತದಲ್ಲಿ ತಂತಿಯ ನಾದ ಅರಳುತ್ತದೆ. ಇನ್ನೂ ಒಂದು ಸ್ವರ ಹಾಡಿಲ್ಲ, ಸಾವಿರಾರು ಜನ ಆಗಲೇ ಸುಮ್ಮನಾಗಿರುತ್ತಾರೆ.

ಆಮೇಲೆ ವಿಲಂಬಿತ ಖಯಾಲ್. ಕಿರಾಣಾದವರು ಒಂದೊಂದು ಸ್ವರವನ್ನೂ ಅವಸರವಿಲ್ಲದೆ ಬಿಡಿಸುತ್ತಾರೆ. ಷಡ್ಜದಲ್ಲಿ ನಿಂತು, ಮಂದ್ರಕ್ಕಿಳಿದು, ಗಾಂಧಾರಕ್ಕೆ ಬರುವಷ್ಟರಲ್ಲಿ ಹತ್ತು ನಿಮಿಷ ಕಳೆದರೂ ಯಾರೂ ಗಡಿಯಾರ ನೋಡುವುದಿಲ್ಲ. ತಾಳದ ಮೊದಲ ಮಾತ್ರೆಯಾದ ಸಮ್ ಬಂದಾಗ ಸಾಲು ಸಾಲು ತಲೆಗಳು ಒಟ್ಟಿಗೆ ಬಾಗುತ್ತವೆ. ಮಧ್ಯಾಹ್ನದಲ್ಲಿ ಭೀಮಪಲಾಸಿ, ಹೊತ್ತು ಮುಳುಗುವಾಗ ಪೂರಿಯಾ ಅಥವಾ ಮಾರವಾ, ಹೀಗೆ ರಾಗಗಳು ತಮ್ಮ ತಮ್ಮ ಹೊತ್ತಿಗೆ ಬರುತ್ತವೆ. ಹಿಂದೆ ಉತ್ಸವ ಬೆಳತನಕ ನಡೆಯುತ್ತಿತ್ತು, ಬೆಳಗಿನ ರಾಗಗಳನ್ನು ಬೆಳಗಿನಲ್ಲೇ ಕೇಳಬಹುದಿತ್ತು. ರಾತ್ರಿ ಹೊತ್ತು ಧ್ವನಿವರ್ಧಕಕ್ಕೆ ಕಡಿವಾಣ ಹಾಕುವ ನಿಯಮ ಬಂದ ಮೇಲೆ ಆ ರಾತ್ರಿಗಳು ಹೋದವು. ಉತ್ಸವ ಹೊತ್ತನ್ನು ಹೊಂದಿಸಿಕೊಂಡಿತು, ಜನ ಬರುವುದನ್ನು ಬಿಡಲಿಲ್ಲ.

ಕೇಳುಗರೆ, ನಮ್ಮ ಊರುಗಳ ಬದುಕು ನಿಮಗೆ ಗೊತ್ತು. ಎಂಟು ಹತ್ತರ ಲೋಕಲ್, ಬಾಗಿಲಲ್ಲಿ ನೇತಾಡುವ ಜನ, ಕಿವಿಯಲ್ಲಿ ಸದಾ ಏನೋ ಒಂದು ಸದ್ದು. ಫೋನಿನಲ್ಲಿ ಹಾಡು ಹಾಕುತ್ತೇವೆ, ಅರ್ಧಕ್ಕೇ ಮುಂದಿನದಕ್ಕೆ ಹಾರುತ್ತೇವೆ. ಇದರಿಂದ ನಷ್ಟವಾಗುವುದು ಸಂಗೀತಕ್ಕಷ್ಟೇ ಅಲ್ಲ. ಒಂದು ರಾಗವನ್ನು ಪೂರ್ತಿ ಕೇಳುವ ತಾಳ್ಮೆ ಇಲ್ಲದವರಿಗೆ ಮಗನ ಮಾತನ್ನು, ಸೊಸೆಯ ಸಂಕಟವನ್ನು, ವಯಸ್ಸಾದ ತಂದೆಯ ಹಳೆಯ ಕಥೆಯನ್ನು ಪೂರ್ತಿ ಕೇಳುವ ತಾಳ್ಮೆಯೂ ಕಡಿಮೆಯಾಗುತ್ತದೆ. ಮಂಟಪದಲ್ಲಿ ಮೂರು ತಾಸು ಕೂತು ಬಂದವರು ಮನೆಗೆ ತರುವುದು ಈ ತಾಳ್ಮೆಯನ್ನು.

ಪುಣೆಗೆ ಹೋಗಲಾಗದವರು ಬೇಸರಪಡಬೇಕಿಲ್ಲ. ಠಾಣೆ ಮಹಾನಗರಪಾಲಿಕೆ ಪಂಡಿತ ರಾಮ ಮರಾಠೆ ಅವರ ಹೆಸರಿನಲ್ಲಿ ಸಂಗೀತೋತ್ಸವ ನಡೆಸುತ್ತದೆ. ಕಲ್ಯಾಣದ ಹಳೆಯ ಸಂಸ್ಥೆ ಕಲ್ಯಾಣ ಗಾಯನ ಸಮಾಜ, ಚಳಿಗಾಲದಲ್ಲಿ ದೇವಗಂಧರ್ವ ಮಹೋತ್ಸವ ಏರ್ಪಡಿಸುತ್ತದೆ. ದೇವಗಂಧರ್ವರೆಂದರೆ ಭಾಸ್ಕರಬುವಾ ಬಖಲೆ. ಅವರು ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಕಲಿಸಿದವರು. ಆಮೇಲೆ 1911ರಲ್ಲಿ ಪುಣೆಯಲ್ಲಿ ಭಾರತ ಗಾಯನ ಸಮಾಜ ಕಟ್ಟಿದರು. ಕುಂದಗೋಳದವರು ಪುಣೆಗೆ ಹೋದರು, ಮರಾಠಿಯವರು ಧಾರವಾಡಕ್ಕೆ ಬಂದರು. ಎರಡು ಭಾಷೆಗಳ ನಡುವೆ ಬದುಕುವ ನಮಗೆ ಇದಕ್ಕಿಂತ ಹತ್ತಿರದ ಪರಂಪರೆ ಯಾವುದಿದೆ?

ಈ ಚಳಿಗಾಲದಲ್ಲಿ ಒಂದು ಸಂಜೆಯನ್ನು ಸಂಗೀತಕ್ಕೆ ಕೊಡಿ. ಪುಣೆಯಾದರೂ ಸರಿ, ಕಲ್ಯಾಣವಾದರೂ ಸರಿ. ಮಕ್ಕಳನ್ನು ಜೊತೆಗೆ ಕರೆದೊಯ್ಯಿರಿ. ಫೋನ್ ಚೀಲದೊಳಗಿರಲಿ. ತಂಬೂರಿ ಮಿಡಿಯುವ ಮೊದಲೇ ಹೋಗಿ ಕೂತು, ಕಡೆಯ ಭೈರವಿ ಮುಗಿಯುವವರೆಗೆ ಏಳಬೇಡಿ. ನಮ್ಮ ಮನೆಗಳಲ್ಲಿ ಕೇಳುವವರು ಬೆಳೆದರೆ ನಮ್ಮ ಡೊಂಬಿವಲಿ, ನಮ್ಮ ಠಾಣೆಯೂ ಸಂಗೀತದ ಊರುಗಳಾಗುತ್ತವೆ.