ಎರೆನೀರು ತಿಳಿಯಾಗುವ ಹೊತ್ತು

ಕಾಖಂಡಕಿಯಲ್ಲಿ ಕಾರಹುಣ್ಣಿಮೆಯ ಕರಿ ಹರಿಯುವ ಹೊತ್ತಿಗೆ ರೈತರ ಕಣ್ಣು ಮುಗಿಲಿನ ಮೇಲೆ. ಅದೇ ಬಬಲೇಶ್ವರ ತಾಲ್ಲೂಕಿನ ಮಮದಾಪುರದಲ್ಲಿ, 17ನೆಯ ಶತಮಾನದಲ್ಲಿ ಮಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ಕೆರೆಯೂ ಮಳೆ ಬಿದ್ದರೆ ಬಣ್ಣ ಬದಲಿಸುತ್ತದೆ.

ಈ ಸೀಮೆಯ ಜೋರು ಮಳೆ ಎರೆಮಣ್ಣನ್ನು ಕೆರೆಗಳಿಗೆ ಹೊತ್ತು ತರುತ್ತದೆ. ನೀರು ಚಹಾದಂತೆ ಕದಡುತ್ತದೆ. ಬಿಸಿಲು ತಳ ಮುಟ್ಟದೆ, ಮುಳುಗಿ ಬೆಳೆಯುವ ಗಿಡಗಳು ಸೊರಗುತ್ತವೆ.

ಕೆಸರು ಇಳಿದರೆ ಕಥೆಯೇ ಬೇರೆ.

ಒಣಗಿದ ಅಂಚಿನಲ್ಲಿ ಮಲಗಿದ್ದ ಬೀಜಗಳು ಹಸಿ ತಾಕಿ ಮೊಳೆಯುತ್ತವೆ. ತಾವರೆ, ನೈದಿಲೆ ಇರುವ ಕೆರೆಯಲ್ಲಿ ನೀರು ನಿಧಾನವಾಗಿ ಏರಿದರೆ ಅವು ತೊಟ್ಟನ್ನು ಉದ್ದ ಮಾಡಿಕೊಂಡು ಎಲೆಯನ್ನು ಮೇಲೆಯೇ ತೇಲಿಸುತ್ತವೆ; ಒಮ್ಮೆಲೇ ಏರಿದರೆ ಎಲೆ ಮುಳುಗಿ ಕೊಳೆಯುತ್ತದೆ. ಹೊಲದ ಗೊಬ್ಬರವೂ ಹರಿದು ಬಂದರೆ ಪಾಚಿಗೆ ಹಬ್ಬ.

ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ, ಬಿರುಕುಬಿಟ್ಟ ಕರಿಮಣ್ಣಿನೊಳಗೆ ಜೇಕಿನ ಗಡ್ಡೆಗಳು ಮುಂದಿನ ಮುಂಗಾರಿಗಾಗಿ ಕಾಯುತ್ತಿರುತ್ತವೆ.